ಸ್ಪೆಷಲ್ ಟೀಮ್ಸ್ ಕೋಚ್ ಇರಬೇಕಾ, ಹೋಗಬೇಕಾ: ನಾವು ತೀರ್ಮಾನಕ್ಕೆ ಬಂದ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ನವೆಂಬರ್ ಕೊನೆಯ ವಾರ ಬಂತೆಂದರೆ ಕೋಚ್‌ಗಳ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶನಿವಾರಕ್ಕೆ ಬಹುತೇಕ ತಂಡಗಳ ರೆಗ್ಯುಲರ್ ಸೀಸನ್ ಮುಗಿಯುತ್ತದೆ. ಭಾನುವಾರದಿಂದ ಕೆಲಸ ಹೋದವರ ಸುದ್ದಿ ಶುರು. 2024ರ ಆ ವಾರ ನಮ್ಮ ಹೆಡ್ ಕೋಚ್ ನನ್ನನ್ನು ಕರೆದು, "ಸ್ಪೆಷಲ್ ಟೀಮ್ಸ್ ಕೋಚ್‌ನನ್ನು ಇಟ್ಟುಕೊಳ್ಳೋಣವಾ, ಬೇಡವಾ? ನಿಮಗೆ ಕಂಡದ್ದನ್ನು ಬರೆದು ಕೊಡಿ" ಅಂದರು.

ನಾನು ಆ ಕಾಲೇಜಿನ ಫುಟ್‌ಬಾಲ್ ಆಫೀಸಿನಲ್ಲಿ ಅನಲಿಸ್ಟ್. ಕಾಲೇಜಿನ ಹೆಸರು ಬೇಡ, ಆ ಕೋಚ್ ಹೆಸರೂ ಬೇಡ. ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಂಡು ಬೆಳೆದವನು ನಾನು. ಇಲ್ಲಿಗೆ ಬಂದದ್ದು ಅಂಕಿ ಅಂಶ ಓದಲಿಕ್ಕೆ, ಉಳಿದದ್ದು ಈ ಆಟಕ್ಕೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ತಂಡದಲ್ಲಿ ಆಫೆನ್ಸ್ ಬೇರೆ, ಡಿಫೆನ್ಸ್ ಬೇರೆ. ಚೆಂಡನ್ನು ಒದೆಯುವ ಸಂದರ್ಭ ಬಂದಾಗ ಮೂರನೇ ಗುಂಪು ಮೈದಾನಕ್ಕೆ ಇಳಿಯುತ್ತದೆ. ಅದೇ ಸ್ಪೆಷಲ್ ಟೀಮ್ಸ್. ಕಿಕಾಫ್, ಕಿಕಾಫ್ ರಿಟರ್ನ್, ಪಂಟ್, ಪಂಟ್ ರಿಟರ್ನ್, ಫೀಲ್ಡ್ ಗೋಲ್, ಎದುರಾಳಿಯ ಫೀಲ್ಡ್ ಗೋಲ್ ತಡೆಯುವುದು, ಹೀಗೆ ಆರು ಯೂನಿಟ್. ಆಟ ಶುರುಮಾಡುವ ಒದೆತ ಕಿಕಾಫ್. ಮುಂದೆ ಸಾಗಲಾಗದೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಡುವುದು ಪಂಟ್. ಎರಡು ಕಂಬಗಳ ನಡುವೆ ಒದ್ದು ಅಂಕ ಪಡೆಯುವುದು ಫೀಲ್ಡ್ ಗೋಲ್. ಒದ್ದ ಚೆಂಡನ್ನು ಹಿಡಿದು ವಾಪಸ್ ಓಡುವುದು ರಿಟರ್ನ್. ಕ್ರಿಕೆಟ್‌ನ ಫೀಲ್ಡಿಂಗ್ ಕೋಚ್ ಪಾಡೇ ಇವನದ್ದೂ. ಚೆನ್ನಾಗಿ ನಡೆದಾಗ ಯಾರೂ ಹೆಸರೆತ್ತುವುದಿಲ್ಲ, ಕ್ಯಾಚ್ ಬಿಟ್ಟ ದಿನ ಎಲ್ಲರಿಗೂ ನೆನಪಾಗುತ್ತಾನೆ.

ನಮ್ಮಲ್ಲಿ ಬಿಟ್ಟ ಕ್ಯಾಚ್ ಅಂದರೆ ಸ್ವಂತ ಮೈದಾನದ ಕೊನೆಯ ಪಂದ್ಯದಲ್ಲಿ ಎದುರಾಳಿಯ ಕೈಗೆ ತಾಗಿ ಬ್ಲಾಕ್ ಆದ ಒಂದು ಪಂಟ್. ಎದುರಾಳಿ ಹುಡುಗ ಚೆಂಡನ್ನು ಎತ್ತಿಕೊಂಡು ಎಂಡ್ ಝೋನ್‌ಗೆ, ಅಂದರೆ ಅಂಕ ಸಿಗುವ ಮೈದಾನದ ಕೊನೆಯ ಪಟ್ಟಿಗೆ ಹೋದ. ಊರಿಡೀ ಅದೇ ಮಾತು. ದೇಣಿಗೆ ಕೊಡುವ ಹಳೇ ವಿದ್ಯಾರ್ಥಿಗಳ ಫೋನು ಬೇರೆ. ಅವರ ಮಟ್ಟಿಗೆ ತೀರ್ಪು ಆಗಿಹೋಗಿತ್ತು.

ಒಂದೇ ಆಟ ನೋಡಿ ಕೋಚ್‌ನನ್ನು ಅಳೆಯೋಕೆ ಆಗಲ್ಲ ಅನ್ನುವುದು ನನ್ನ ಹಳೇ ವಾದ. 2013ರ ನವೆಂಬರ್ 30ರಂದು ಆಬರ್ನ್ ಮೈದಾನದಲ್ಲಿ ನಡೆದದ್ದು ಈ ಆಟದವರಿಗೆಲ್ಲ ಬಾಯಿಪಾಠ. ಅಲಬಾಮಾ ತಂಡ ಕೊನೆಯ ಒಂದು ಸೆಕೆಂಡಿನಲ್ಲಿ 57 ಗಜದ ಫೀಲ್ಡ್ ಗೋಲ್‌ಗೆ ಒದೆಯಿತು. ಚೆಂಡು ಕಂಬದವರೆಗೆ ತಲುಪಲಿಲ್ಲ. ಎಂಡ್ ಝೋನ್‌ನ ಆಳದಲ್ಲಿ ಕಾದಿದ್ದ ಆಬರ್ನ್ ಆಟಗಾರ ಕ್ರಿಸ್ ಡೇವಿಸ್ ಅದನ್ನು ಹಿಡಿದು ಇಡೀ ಮೈದಾನ ಓಡಿದ. ಆಬರ್ನ್ 34-28ರಿಂದ ಗೆದ್ದಿತು. ಅಲ್ಲಿ ತಪ್ಪು ಒದ್ದವನದ್ದು ಮಾತ್ರವಲ್ಲ. ಫೀಲ್ಡ್ ಗೋಲ್‌ಗೆ ನಿಲ್ಲಿಸುವುದು ತಡೆಗೋಡೆಗೆ ಬೇಕಾದ ದಪ್ಪ ದಪ್ಪ ಲೈನ್‌ಮನ್‌ಗಳನ್ನು. ತೆರೆದ ಮೈದಾನದಲ್ಲಿ ವೇಗಿಯೊಬ್ಬನನ್ನು ಅಟ್ಟಿ ಹಿಡಿಯುವ ಕಾಲು ಅವರದ್ದಲ್ಲ. ಇಂಥದ್ದು ನಡೆದಾಗ ನಾನು ಕೇಳುವುದು ಒಂದೇ: ಇದು ಆವತ್ತು ಮಾತ್ರ ಆದದ್ದಾ, ಅಥವಾ ಮೊದಲಿನಿಂದಲೂ ಆಗುತ್ತಿದ್ದು ಆವತ್ತು ಸಿಕ್ಕಿಬಿದ್ದದ್ದಾ?

ಮೊದಲು ಅಂಕಿಗಳನ್ನು ಕೆದಕಿದೆ. ಎಲ್ಲರೂ ಹಿಡಿದು ತೋರಿಸುವುದು ಫೀಲ್ಡ್ ಗೋಲ್ ಶೇಕಡಾವಾರು. ನನ್ನ ಪ್ರಕಾರ ಕೋಚ್ ಬಗ್ಗೆ ಅತಿ ಕಡಿಮೆ ಹೇಳುವ ಅಂಕಿ ಅದು. ಕಾಲೇಜು ಕಿಕ್ಕರ್ ಇಡೀ ಸೀಸನ್‌ನಲ್ಲಿ ಒದೆಯುವುದೇ ಇಪ್ಪತ್ತರ ಆಸುಪಾಸು. ಎರಡು ಚೆಂಡು ಕಂಬಕ್ಕೆ ತಾಗಿ ಹೊರಗೆ ಬಿದ್ದರೂ ಅಂಕಿ ಕುಸಿಯುತ್ತದೆ. ದೂರ ಲೆಕ್ಕಕ್ಕೆ ಬಾರದಿದ್ದರೆ 25 ಗಜದ್ದೂ 50 ಗಜದ್ದೂ ಒಂದೇ ಆಗಿಬಿಡುತ್ತದೆ. ಮೇಲೆ ಕೋನದ ತಾಪತ್ರಯ. ಕಂಬಗಳ ನಡುವಿನ ಅಗಲ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೂ ಕಾಲೇಜಿನಲ್ಲೂ 18 ಅಡಿ 6 ಇಂಚು. ಆದರೆ ಚೆಂಡನ್ನು ಇಡುವ ಹ್ಯಾಷ್ ಗೆರೆಗಳ ನಡುವೆ ಎನ್‌ಎಫ್‌ಎಲ್‌ನಲ್ಲಿ ಅಷ್ಟೇ ಅಂತರ, ಕಾಲೇಜಿನಲ್ಲಿ 40 ಅಡಿ. ಹಾಗಾಗಿ ಕಾಲೇಜು ಹುಡುಗ ಹತ್ತಿರದ ಕಿಕ್ ಅನ್ನೂ ಎಷ್ಟೋ ಸಲ ಓರೆಯಿಂದ ಒದೆಯಬೇಕು. ಇಂಥ ದೂರ, ಇಂಥ ಗೆರೆಯಿಂದ ಒದ್ದರೆ ಸಾಮಾನ್ಯ ಕಿಕ್ಕರ್ ಎಷ್ಟು ಸಲ ಹಾಕುತ್ತಾನೆ ಅನ್ನುವುದಕ್ಕೆ ನಮ್ಮವನನ್ನು ಹೋಲಿಸಿದೆ. ಅವನು ಸರಾಸರಿಗೆ ತಕ್ಕ ಹಾಗೇ ಇದ್ದ. ಪತ್ರಿಕೆಗಳು ಅವನನ್ನು ಸುಮ್ನೆ ಬೈದಿದ್ದವು.

ಪಂಟ್‌ನಲ್ಲಿ ಎಷ್ಟು ದೂರ ಒದ್ದ ಅನ್ನುವುದಕ್ಕಿಂತ ನಿವ್ವಳ ಎಷ್ಟು ಸಿಕ್ಕಿತು ಅನ್ನುವುದು ಮುಖ್ಯ. 45 ಗಜ ಒದ್ದು 12 ಗಜ ವಾಪಸ್ ಓಡಲು ಬಿಟ್ಟರೆ ಕೈಗೆ ಬಂದದ್ದು 33. ಮೈದಾನದ ನಟ್ಟನಡುವಿನ 50 ಗಜದ ಗೆರೆಯಿಂದ ಒದ್ದ ಚೆಂಡು ಎಂಡ್ ಝೋನ್ ಸೇರಿದರೆ ಎದುರಾಳಿಗೆ 20 ಗಜದ ಗೆರೆಯಲ್ಲಿ ಚೆಂಡು, ಅಂದರೆ ನಮಗೆ ದಕ್ಕಿದ್ದು 30. ಕಿಕಾಫ್ ಅಂಕಿಗಳಿಗೆ ನಾನು ಜಾಸ್ತಿ ತೂಕ ಕೊಡಲಿಲ್ಲ. 2018ರಿಂದ 25 ಗಜದ ಒಳಗೆ ಎಲ್ಲಿ ಫೇರ್ ಕ್ಯಾಚ್ (ಓಡುವುದಿಲ್ಲ ಅಂತ ಕೈ ಎತ್ತಿ ತೋರಿಸಿ ಹಿಡಿಯುವುದು) ಹಿಡಿದರೂ ಚೆಂಡು 25ಕ್ಕೆ ಬರುತ್ತದೆ. ಓಡುವವರೇ ಕಡಿಮೆಯಾದ ಮೇಲೆ ಅಳೆಯುವುದಾದರೂ ಏನನ್ನು? ಇನ್ನು ಟಿವಿಯಲ್ಲಿ ತೋರಿಸುವ ಸ್ಪೆಷಲ್ ಟೀಮ್ಸ್ ರ‍್ಯಾಂಕ್‌ಗಳದ್ದು ಬೇರೆಯೇ ಕಥೆ. ಎದುರಾಳಿ ಕಿಕ್ಕರ್ ತಾನಾಗಿ ಗುರಿ ತಪ್ಪಿದ್ದೂ ಕೆಲವು ಲೆಕ್ಕಗಳಲ್ಲಿ ನಮ್ಮ ಖಾತೆಗೆ ಜಮಾ ಆಗುತ್ತದೆ. ಅದರಲ್ಲಿ ಕೋಚ್ ಮಾಡಿದ್ದೇನು ಹೇಳಿ?

ಅಂಕಿ ಪಕ್ಕಕ್ಕಿಟ್ಟು ಸ್ಟಾಪ್‌ವಾಚ್ ಹಿಡಿದು ವಿಡಿಯೋ ಮುಂದೆ ಕೂತೆ. ಕೋಚ್‌ನ ಕೈಯಲ್ಲಿರುವ ಸಂಗತಿಗಳು ಕಾಣುವುದು ಅಲ್ಲೇ. ಸ್ನ್ಯಾಪರ್ ಚೆಂಡನ್ನು ಹಿಂದಕ್ಕೆ ಎಸೆದು ಕಿಕ್ಕರ್ ಕಾಲಿಗೆ ತಾಗುವವರೆಗಿನ ಸಮಯಕ್ಕೆ ಆಪರೇಷನ್ ಟೈಮ್ ಅನ್ನುತ್ತಾರೆ. ಫೀಲ್ಡ್ ಗೋಲ್‌ಗೆ 1.3 ಸೆಕೆಂಡ್, ಪಂಟ್‌ಗೆ ಹೆಚ್ಚುಕಡಿಮೆ 2 ಸೆಕೆಂಡ್ ಇದ್ದರೆ ಚಿಂತೆಯಿಲ್ಲ. ನಮ್ಮ ಹುಡುಗರು ಇದರೊಳಗೇ ಇದ್ದರು. ಪೆನಾಲ್ಟಿ ಎಷ್ಟು, ಹತ್ತೇ ಜನ ಮೈದಾನಕ್ಕೆ ಇಳಿದದ್ದು ಎಷ್ಟು ಸಲ, ಬದಲಿ ಆಟಗಾರ ತಡವಾಗಿ ಓಡಿಬಂದದ್ದು ಎಷ್ಟು ಸಲ, ಇವನ್ನೂ ಬರೆದುಕೊಂಡೆ. ಅಲ್ಲೂ ದೊಡ್ಡ ದೂರಿರಲಿಲ್ಲ.

ಆಮೇಲೆ ಆ ಬ್ಲಾಕ್ ಆದ ಪಂಟ್‌ಗೆ ಬಂದೆ. ನಾವು ಆಡುವುದು ಶೀಲ್ಡ್ ಪಂಟ್. ಮುಂದೆ ಸ್ನ್ಯಾಪರ್ ಸೇರಿ ಏಳು ಜನ, ಅವರ ಹಿಂದೆ ಗೋಡೆ ಕಟ್ಟಿದ ಹಾಗೆ ಮೂವರು, ಕೊನೆಗೆ ಪಂಟರ್. ಎನ್‌ಎಫ್‌ಎಲ್‌ನಲ್ಲಿ ಅಂಚಿನ ಇಬ್ಬರನ್ನು ಬಿಟ್ಟು ಉಳಿದವರು ಚೆಂಡು ಒದೆಯುವವರೆಗೂ ಗೆರೆ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಕಾಲೇಜಿನಲ್ಲಿ ಆ ಕಟ್ಟಿಲ್ಲ. ಸ್ನ್ಯಾಪ್ ಆದ ಕೂಡಲೇ ಎಲ್ಲರೂ ಓಡಬಹುದು. ಶೀಲ್ಡ್ ಪಂಟ್ ಕಾಲೇಜಿನಲ್ಲಿ ಹಬ್ಬಿದ್ದೇ ಈ ನಿಯಮದಿಂದ. ಅದರ ಅಪಾಯವೂ ಅಲ್ಲೇ ಇದೆ.

ಸ್ನ್ಯಾಪರ್‌ನ ಬಲಕ್ಕೆ ನಿಂತ ಹುಡುಗ ಎರಡು ಹೆಜ್ಜೆ ಹಿಂದಕ್ಕೆ ಜಾರಿ, ಒಳಗಿನಿಂದ ನುಗ್ಗುವವನ ಎದೆಗೆ ಕೈಕೊಟ್ಟು ತಡೆದು, ಆಮೇಲೆ ಓಡಬೇಕು. ವಿಡಿಯೋ ನಿಧಾನ ಮಾಡಿ ನೋಡಿದರೆ ಅವನ ಮೊದಲ ಹೆಜ್ಜೆ ಸರಿ ಇದೆ. ಎರಡನೆಯದು ಹಿಂದಕ್ಕೆ ಹೋಗಬೇಕಾದದ್ದು ಆಗಲೇ ಮುಂದಕ್ಕೆ ತಿರುಗಿದೆ. ಕಣ್ಣು ರಿಟರ್ನರ್ ಮೇಲೆ. ನುಗ್ಗಿದವನು ಅವನ ಭುಜ ಸವರಿಕೊಂಡು ಹೋದ. ಗೋಡೆಯ ಬಲಗಡೆಯವನ ಮೇಲೆ ಒಟ್ಟಿಗೆ ಇಬ್ಬರು ಬಂದರು, ಅವನು ಒಬ್ಬನನ್ನು ಹಿಡಿದ. ಇನ್ನೊಬ್ಬನ ಕೈಗೆ ಚೆಂಡು.

ಹಿಂದಿನ ಪಂದ್ಯಗಳನ್ನು ಹಾಕಿ ನೋಡಿದೆ. ಅದೇ ಹೆಜ್ಜೆ, ಅದೇ ಸಂದು. ಆ ಪಂದ್ಯಗಳಲ್ಲಿ ನುಗ್ಗಿದವನ ಕೈ ಚೆಂಡಿಗೆ ಸ್ವಲ್ಪದರಲ್ಲಿ ತಪ್ಪಿತ್ತು. ಚೆಂಡು ಚೆನ್ನಾಗಿ ಹೋದದ್ದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಎಡಗಡೆಯ ಹುಡುಗನೂ ಹಾಗೇ ಮಾಡುತ್ತಿದ್ದ. ಒಬ್ಬ ಹುಡುಗನ ಚಾಳಿಯಾದರೆ ಹುಡುಗನನ್ನು ಬದಲಾಯಿಸಬಹುದು. ಇಬ್ಬರೂ ಅದನ್ನೇ ಮಾಡಿದರೆ ಅದು ಕಲಿಸಿದ್ದರ ಫಲ ಅಲ್ವಾ?

ಕಾರಣ ಸಿಕ್ಕಿದ್ದು ಮೀಟಿಂಗ್ ರೂಮಿನ ಗೋಡೆಯ ಮೇಲೆ. ಪ್ರತಿ ಪಂದ್ಯದ ನಂತರ ಕೋಚ್ ಅಲ್ಲಿ ಅಂಕಪಟ್ಟಿ ಅಂಟಿಸುತ್ತಿದ್ದ. ರಿಟರ್ನರ್ ಬಳಿ ಮೊದಲು ತಲುಪಿದವನಿಗೆ ಅಂಕ, ಅವನನ್ನು ಕೆಡವಿದರೆ, ಅಂದರೆ ಟ್ಯಾಕಲ್‌ಗೆ ಅಂಕ, ಚೆಂಡು ಕಸಿದರೆ ಇನ್ನೂ ಜಾಸ್ತಿ. ತಡೆಯುವುದಕ್ಕೆ ಕಾಲಂ ಕೂಡ ಇರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗರು, ಮೊದಲು ಓಡಿದವನಿಗೆ ಬಹುಮಾನ ಅಂದರೆ ಓಡದೆ ಇರುತ್ತಾರಾ? ಮೀಟಿಂಗ್‌ನಲ್ಲಿ ಅವನು ತಡೆಯುವುದನ್ನು ಹೇಳಿಕೊಡುತ್ತಿದ್ದದ್ದು ನಿಜ. ಗೋಡೆ ಬೇರೆಯದನ್ನೇ ಹೇಳುತ್ತಿತ್ತು.

ಇನ್ನೊಂದು ಕಡೆಯೂ ಇತ್ತು, ಅದನ್ನು ಬರೆಯದೆ ಬಿಡುವುದು ನ್ಯಾಯವಲ್ಲ. ಸ್ಪೆಷಲ್ ಟೀಮ್ಸ್‌ನ ಬೆನ್ನೆಲುಬು ಅಂದರೆ ಡಿಫೆನ್ಸ್‌ನ ಎರಡನೇ ಸಾಲಿನ, ಅಂದರೆ ಬದಲಿ ಆಟಗಾರರು: ಲೈನ್‌ಬ್ಯಾಕರ್‌ಗಳು, ಸೇಫ್ಟಿಗಳು. ಡಿಫೆನ್ಸ್‌ನಲ್ಲಿ ಮೊದಲ ಸಾಲಿನವರು ಗಾಯಗೊಂಡರೆ ಇವರು ಅಲ್ಲಿಗೆ ಬಡ್ತಿ ಪಡೆಯುತ್ತಾರೆ, ಇಲ್ಲಿಗೆ ಮೂರನೇ ಸಾಲಿನವರು ಬರುತ್ತಾರೆ. ಆ ವರ್ಷ ನಮ್ಮಲ್ಲಿ ಗಾಯಾಳುಗಳು ಬಹಳ. ಡಿಫೆನ್ಸ್ ಕೋಚ್ ತನ್ನ ಹುಡುಗರನ್ನು ಕೊಡಲು ಒಪ್ಪುತ್ತಿರಲಿಲ್ಲ. ಅಭ್ಯಾಸದಲ್ಲಿ ಪಂಟ್‌ಗೆ ಸಿಗುತ್ತಿದ್ದದ್ದು ಕೊನೆಯ ಪಾಳಿ, ಹುಡುಗರ ಕಾಲು ಸೋತಿರುವ ಹೊತ್ತು. ಇದನ್ನೆಲ್ಲ ಹಂಚುವುದು ಹೆಡ್ ಕೋಚ್ ಕೈಯಲ್ಲಿ. ಇದನ್ನೇ ಮೊದಲ ಪುಟದಲ್ಲಿ ಬರೆದೆ. ಓದಿ ಮುಖ ಗಂಟು ಹಾಕಿಕೊಂಡರು. "ನಾನು ಕೇಳಿದ್ದು ಅವನ ಬಗ್ಗೆ, ನನ್ನ ಬಗ್ಗೆ ಅಲ್ಲ" ಅಂದರು. ಪುಟವನ್ನೇನೂ ಹರಿದು ಎಸೆಯಲಿಲ್ಲ.

ಕೋಚ್‌ನನ್ನು ಬಿಡುವುದೆಂದು ತೀರ್ಮಾನವಾಯಿತು. ಬ್ಲಾಕ್ ಆದ ಪಂಟ್‌ಗಾಗಿ ಅಲ್ಲ. ಆ ಸಂದು ಅಷ್ಟು ವಾರ ಕಣ್ಣೆದುರು ಇದ್ದರೂ ಅವನ ಟಿಪ್ಪಣಿಗಳಲ್ಲಿ ಅದರ ಸುಳಿವೇ ಇರಲಿಲ್ಲ, ಅದಕ್ಕೆ. ಹೆಡ್ ಕೋಚ್ ಎದುರು ಕೂರಿಸಿಕೊಂಡೇ ಹೇಳಿದರು. ಸುದ್ದಿ ಹೊರಗೆ ಬರುವ ಮೊದಲು ಅವನಿಗೆ ತಿಳಿಯಬೇಕು ಅನ್ನುವುದನ್ನು ಅವರು ಪಾಲಿಸಿದ್ದು ನನಗೆ ಹಿಡಿಸಿತು. ಈ ಕಸುಬಿನಲ್ಲಿ ಅದೂ ಅಪರೂಪ.

ಬದಲಿ ಹುಡುಕುವ ಮೊದಲು ಇನ್ನೊಂದು ಚರ್ಚೆ. ಈ ಕೆಲಸಕ್ಕೇ ಒಬ್ಬ ಪೂರ್ತಿ ಕೋಚ್ ಬೇಕಾ, ಅಥವಾ ಯೂನಿಟ್‌ಗಳನ್ನು ಇರುವ ಕೋಚ್‌ಗಳಿಗೇ ಹಂಚಬಹುದಾ? 2018ರವರೆಗೆ ಹೆಡ್ ಕೋಚ್ ಜೊತೆ ಒಂಬತ್ತೇ ಸಹಾಯಕರು. ಆ ವರ್ಷ ಹತ್ತನೆಯವನಿಗೆ ಅವಕಾಶ ಸಿಕ್ಕಿತು. ಹಲವು ಕಾಲೇಜುಗಳು ಆ ಜಾಗವನ್ನು ಸ್ಪೆಷಲ್ ಟೀಮ್ಸ್‌ಗೆ ಕೊಟ್ಟವು. 2024ರ ಜೂನ್‌ನಲ್ಲಿ ನಿಯಮ ಇನ್ನೂ ಸಡಿಲವಾಗಿ, ಅನಲಿಸ್ಟ್‌ಗಳೂ ಮೈದಾನದಲ್ಲಿ ಹೇಳಿಕೊಡಬಹುದು ಅಂತಾಯಿತು. ಹೊರಗೆ ಓಡಾಡಿ ಹುಡುಗರನ್ನು ತರುವವರ ಸಂಖ್ಯೆಗೆ ಮಾತ್ರ ಮಿತಿ ಉಳಿಯಿತು. ಹಾಗಾಗಿ ಸಂಬಳ ಕಡಿಮೆಯ ಅನಲಿಸ್ಟ್ ಒಬ್ಬನಿಗೆ ಈ ಕೆಲಸ ವಹಿಸಿ, ಹತ್ತನೇ ಜಾಗವನ್ನು ರಿಕ್ರೂಟಿಂಗ್‌ಗೆ ಬಳಸೋಣ ಅನ್ನುವವರಿದ್ದರು.

ನಾನು ಒಪ್ಪಲಿಲ್ಲ. ಡಿಫೆನ್ಸ್ ಕೋಚ್ ಬಳಿ ಹೋಗಿ "ನಿಮ್ಮ ಸೇಫ್ಟಿ ನನಗೆ ಬೇಕು" ಅನ್ನುವುದಕ್ಕೆ ಸ್ಥಾನ ಬೇಕು, ಅನಲಿಸ್ಟ್ ಮಾತಿಗೆ ಅಲ್ಲಿ ಬೆಲೆಯಿಲ್ಲ. ನಾನೇ ಅನಲಿಸ್ಟ್, ನನಗೆ ಗೊತ್ತಿಲ್ಲವೇ! ವರ್ಜೀನಿಯಾ ಟೆಕ್‌ನಲ್ಲಿ 1987ರಿಂದ 2015ರವರೆಗೆ ಹೆಡ್ ಕೋಚ್ ಆಗಿದ್ದ ಫ್ರಾಂಕ್ ಬೀಮರ್ ಈ ಯೂನಿಟ್‌ಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು, ಮೊದಲ ಸಾಲಿನ ಆಟಗಾರರನ್ನೂ ಇಳಿಸುತ್ತಿದ್ದರು. ಹೆಡ್ ಕೋಚೇ ಕೇಳಿದರೆ ಇಲ್ಲ ಅನ್ನುವವರು ಯಾರು? ಅವರ ತಂಡ ಕಿಕ್ ಬ್ಲಾಕ್ ಮಾಡುವುದರಲ್ಲಿ ಹೆಸರು ಮಾಡಿದ್ದರ ಹಿಂದೆ ಇದೂ ಇದೆ.

ಅರ್ಜಿಗಳಿಗೆ ಬರವಿರಲಿಲ್ಲ. ರ‍್ಯಾಂಕ್ ನೋಡಿ ಆರಿಸುವುದು ಬೇಡ ಅಂದೆ. ಒಳ್ಳೆಯ ಪಂಟರ್ ಸಿಕ್ಕರೆ ಯಾವ ಕೋಚೂ ಜಾಣನಾಗಿ ಕಾಣುತ್ತಾನೆ. ಮೆಲ್ಬರ್ನ್‌ನ ಪ್ರೋಕಿಕ್ ಆಸ್ಟ್ರೇಲಿಯಾ ಅನ್ನುವ ತರಬೇತಿ ಕೇಂದ್ರದಿಂದ ಅಮೆರಿಕದ ಕಾಲೇಜುಗಳಿಗೆ ಪಂಟರ್‌ಗಳು ಸಾಲುಸಾಲಾಗಿ ಬರುತ್ತಿದ್ದಾರೆ. ದೇಶದ ಅತ್ಯುತ್ತಮ ಕಾಲೇಜು ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ 2013ರಿಂದ 2017ರವರೆಗೆ ಸತತ ಐದು ವರ್ಷ ಆಸ್ಟ್ರೇಲಿಯಾದವರಿಗೇ ಹೋಯಿತು. ಬಲಗಡೆಗೆ ಓಡುತ್ತಾ ರಗ್ಬಿ ಶೈಲಿಯಲ್ಲಿ ಒದೆಯುವುದು ಅವರಿಗೆ ಚಿಕ್ಕಂದಿನ ಆಟ. ಅಂಥವನನ್ನು ಹುಡುಕಿ ತಂದದ್ದಕ್ಕೆ ಕೋಚ್‌ಗೆ ಅಂಕ ಕೊಡಬಹುದು, ಕಲಿಸಿದ್ದಕ್ಕೆ ಅಲ್ಲ. ಸಾಧಾರಣ ಪಂಟರ್ ಇದ್ದೂ ವಾಪಸ್ ಓಟ ಕಡಿಮೆ ಬಿಟ್ಟುಕೊಟ್ಟವರು, ಗಾಯಾಳುಗಳ ವರ್ಷದಲ್ಲೂ ಪೆನಾಲ್ಟಿ ಹೆಚ್ಚಿಸಿಕೊಳ್ಳದವರು, ಅಂಥವರ ಪಟ್ಟಿ ಮಾಡಿದೆ.

ಸಂದರ್ಶನದಲ್ಲಿ ಎಲ್ಲರಿಗೂ ನಮ್ಮ ಪಂಟ್‌ಗಳ ವಿಡಿಯೋ ಕೊಟ್ಟೆವು. ಯಾವುದು ಬ್ಲಾಕ್ ಆಯಿತು ಅಂತ ಹೇಳಲಿಲ್ಲ. ಅದನ್ನು ಕೊನೆಯಲ್ಲಿ ಇಟ್ಟಿದ್ದೆವು. ಒಬ್ಬರು ಹಳೇ ತಂಡದ ರ‍್ಯಾಂಕ್‌ಗಳ ಸ್ಲೈಡ್ ತೋರಿಸುವುದರಲ್ಲೇ ಹೊತ್ತು ಕಳೆದರು. ಇನ್ನೊಬ್ಬರು ಬ್ಲಾಕ್ ಆದ ಪಂಟ್ ಬರುವವರೆಗೂ ಕಾದು, ಅದರ ಮೇಲೆ ಭಾಷಣ ಮಾಡಿದರು. ಮೂರನೆಯವರು ಶುರುವಿನ ಒಂದು ಪಂಟ್‌ನಲ್ಲೇ ರಿಮೋಟ್ ಒತ್ತಿ ನಿಲ್ಲಿಸಿದರು. ನೋಡಿದರೆ ಅದು ಚೆನ್ನಾಗಿಯೇ ಹೋದ ಪಂಟ್. ಹಿಂದಕ್ಕೆ ಹಾಕಿ ಮತ್ತೆ ನೋಡಿದರು. ಪರದೆಯ ಹತ್ತಿರ ಹೋಗಿ ಆ ಬಲಗಡೆಯ ಹುಡುಗನ ಕಾಲ ಮೇಲೆ ಬೆರಳಿಟ್ಟು, "ಇವನು ಡಿಫೆನ್ಸ್‌ನಲ್ಲಿ ಎಲ್ಲಿ ಆಡುತ್ತಾನೆ? ಇವನಿಗೆ ಯಾವುದಕ್ಕೆ ಅಂಕ ಕೊಡುತ್ತೀರಿ?" ಅಂತ ಕೇಳಿದರು.

ಹೆಡ್ ಕೋಚ್ ನನ್ನ ಕಡೆ ನೋಡಿದರು. ನಾನು ಏನೂ ಹೇಳಬೇಕಾಗಿರಲಿಲ್ಲ.

ಅವರಿಗೂ ಒಂದು ಕೊರತೆ ಇತ್ತು. ತಾವು ಎಂದೂ ಕಿಕ್ಕರ್ ಆಗಿದ್ದವರಲ್ಲ. ಈ ಕೋಚ್‌ಗಳಲ್ಲಿ ಬಹಳಷ್ಟು ಜನ ಹಾಗೇ. ಅಕ್ಟೋಬರ್‌ನಲ್ಲಿ ಕಿಕ್ಕರ್ ಕಾಲಿನ ಲಯ ತಪ್ಪಿದರೆ ಏನು ಮಾಡುತ್ತೀರಿ ಅಂತ ಕೇಳಿದೆವು. "ನಾನು ಮುಟ್ಟುವುದಿಲ್ಲ. ಅವನ ಹೈಸ್ಕೂಲ್ ಕಾಲದ ಕಿಕಿಂಗ್ ಕೋಚ್‌ಗೆ ವಿಡಿಯೋ ಕಳಿಸುತ್ತೇನೆ" ಅಂದರು. ಗೊತ್ತಿಲ್ಲದ ಕಡೆ ಕೈ ಹಾಕುವುದಿಲ್ಲ ಅನ್ನುವ ಕೋಚ್ ನನಗೆ ಸಾಕು.

ಷರತ್ತುಗಳನ್ನು ಅವರೇ ಹಾಕಿದರು. ಪಂಟ್ ಅಭ್ಯಾಸ ಮೊದಲ ಪಾಳಿಗೆ ಬರಬೇಕು, ಮೊದಲ ಸಾಲಿನ ಇಬ್ಬರು ಸೇಫ್ಟಿಗಳನ್ನು ಕೊಡಬೇಕು. ನನ್ನ ಮೊದಲ ಪುಟದಲ್ಲಿ ಇದ್ದದ್ದೂ ಅದೇ. ನಾನು ಬರೆದಾಗ ಗಂಟು ಹಾಕಿದ ಮುಖ, ಅವರು ಕೇಳಿದಾಗ ತಲೆ ಆಡಿಸಿತು.

ಅಂಕಪಟ್ಟಿ ಬದಲಾಯಿತು. ತಡೆಯುವ ಕೆಲಸ ತಪ್ಪಿದರೆ ಆ ಆಟದಲ್ಲಿ ಟ್ಯಾಕಲ್ ಮಾಡಿದರೂ ಸೊನ್ನೆ. ಅಷ್ಟರಲ್ಲಿ ಸ್ನ್ಯಾಪರ್ ಹುಡುಗ ಕಾಲೇಜು ಬದಲಿಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟ, ಹಳೇ ಕೋಚ್‌ನನ್ನು ನಂಬಿ ಬಂದವನು. ಒಂದು ತಂಡದಲ್ಲಿ 105 ಆಟಗಾರರು ಮಾತ್ರ ಅನ್ನುವ ನಿಯಮ ಬೇರೆ ಬರುವುದರಲ್ಲಿತ್ತು. ಸ್ಕಾಲರ್‌ಶಿಪ್ ಇಲ್ಲದೆ ಆಡುವ ಹುಡುಗರೇ ಈ ಯೂನಿಟ್‌ಗಳನ್ನು ತುಂಬುವವರು, ಕತ್ತರಿ ಬೀಳುವುದು ಅವರಿಗೇ ಮೊದಲು. ಹೊಸ ಕೋಚ್ ಬಂದ ವಾರವೇ ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಯಾರು ಎಷ್ಟು ಯೂನಿಟ್‌ನಲ್ಲಿ ಆಡಬಲ್ಲರು ಅನ್ನುವ ಪಟ್ಟಿ ಬೇಕು ಅಂದರು. ಒಂದೇ ಯೂನಿಟ್‌ಗೆ ಆಗುವವನಾದರೆ ಅವನು ಸ್ನ್ಯಾಪರ್, ಕಿಕ್ಕರ್ ಇಲ್ಲವೇ ಪಂಟರ್ ಆಗಿರಬೇಕು, ಉಳಿದವರು ಕನಿಷ್ಠ ಮೂರಕ್ಕೆ ಬರಬೇಕು ಅನ್ನುವುದು ಅವರ ಲೆಕ್ಕ. ಆ ಪಟ್ಟಿ ಇಟ್ಟುಕೊಂಡೇ ವಸಂತದ ಅಭ್ಯಾಸ ಶುರುವಾಯಿತು.