ಜೌಗುಭೂಮಿಗೆ ಬೆಲೆ ಕಟ್ಟಿದ ಬಗೆ

ಜೌಗುಭೂಮಿಯೊಂದರ ಅಂಚನ್ನು ಮುಚ್ಚಿ ರಸ್ತೆ ಮಾಡಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅದರ ಆರ್ಥಿಕ ಮೌಲ್ಯ ಲೆಕ್ಕ ಹಾಕಿಕೊಡುವ ಕೆಲಸ ನಮ್ಮ ತಂಡದ ಪಾಲಿಗೆ ಬಂತು. ಕೇಳಿದವರಿಗೆ ಬೇಕಿದ್ದದ್ದು ಒಂದೇ ಅಂಕಿ: ಈ ಜೌಗಿನ ಒಟ್ಟು ಬೆಲೆ ಎಷ್ಟು? ನಾನು ಮೊದಲು ಆ ಪ್ರಶ್ನೆಯನ್ನೇ ಬದಲಿಸಿದೆ. ಇಷ್ಟು ಭಾಗ ಮುಚ್ಚಿದರೆ ಯಾರಿಗೆ ಏನು ತಪ್ಪಿಹೋಗುತ್ತದೆ, ಅಷ್ಟನ್ನು ಅಳೆಯೋಣ ಎಂದೆ.

1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ನಿಸರ್ಗಸೇವೆಗಳ, ಅಂದರೆ ನೀರು ಸೋಸುವಂಥ, ನಿಸರ್ಗ ನಮಗೆ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸಗಳ ಮೌಲ್ಯ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿದ್ದರು. ಆ ಅಂಕಿ ಜಗತ್ತಿನ ಕಣ್ಣು ತೆರೆಸಿತು, ನನ್ನಂಥವರು ಈ ಕ್ಷೇತ್ರಕ್ಕೆ ಬರಲೂ ಕಾರಣವಾಯಿತು. ಆದರೆ ಒಂದು ರಸ್ತೆಯ ತೀರ್ಮಾನಕ್ಕೆ ಅಂಥ ಒಟ್ಟು ಮೊತ್ತ ನೆರವಾಗುವುದಿಲ್ಲ. ನಿಸರ್ಗವೇ ಪೂರ್ತಿ ಇಲ್ಲವಾದರೆ ಬೆಲೆ ಕೊಡಲು ಯಾರೂ ಉಳಿದಿರುವುದಿಲ್ಲವಲ್ಲ!

ನೀರು ಶುದ್ಧೀಕರಣದಿಂದ ಶುರು ಮಾಡಿದೆವು. ಕೊಳಚೆ ಒಳಬರುವಲ್ಲಿ ಮತ್ತು ನೀರು ಹೊರಹೋಗುವಲ್ಲಿ ಮಾದರಿ ತೆಗೆದು, ನೈಟ್ರೇಟ್ ಮತ್ತು ಬಿಓಡಿ (ನೀರಿನಲ್ಲಿರುವ ಕೊಳೆಯುವ ಕಶ್ಮಲದ ಅಳತೆ) ಎಷ್ಟು ಇಳಿಯುತ್ತದೆಂದು ನೋಡಿದೆವು. ಅಷ್ಟೇ ಕೆಲಸ ಮಾಡುವ ಘಟಕ ಕಟ್ಟಲು, ನಡೆಸಲು ತಗಲುವ ಖರ್ಚು ಈ ಸೇವೆಯ ಬೆಲೆ. ಬದಲಿ ವೆಚ್ಚದ ಈ ವಿಧಾನ ಸುಲಭವೆನಿಸಿದರೂ ಎರಡು ಷರತ್ತು ಬಿಡುವಂತಿಲ್ಲ: ಇರುವ ದಾರಿಗಳಲ್ಲಿ ಅಗ್ಗದ್ದನ್ನೇ ಹಿಡಿಯಬೇಕು, ಮತ್ತು ಜೌಗು ಹೋದರೆ ಜನ ನಿಜವಾಗಿಯೂ ಆ ಘಟಕ ಕಟ್ಟಿಕೊಳ್ಳುತ್ತಿದ್ದರೆಂದು ತೋರಿಸಬೇಕು. ನ್ಯೂಯಾರ್ಕ್ ನಗರ ಈ ಲೆಕ್ಕವನ್ನು ಆಚರಣೆಗೇ ತಂದಿತು. ನೂರಾರು ಕೋಟಿ ಡಾಲರ್‌ಗಳ ಸೋಸುವ ಘಟಕ ಕಟ್ಟುವ ಬದಲು ತನಗೆ ಕುಡಿಯುವ ನೀರು ಒದಗಿಸುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಜಲಾನಯನ ಪ್ರದೇಶವನ್ನು ಕಾಪಾಡಲು ಹಣ ಹಾಕುವುದೇ ಅಗ್ಗವೆಂದು ಕಂಡುಕೊಂಡು, 1997ರಲ್ಲಿ ಅಲ್ಲಿನವರೊಡನೆ ಒಪ್ಪಂದ ಮಾಡಿಕೊಂಡಿತು.

ಮೇವು, ಜೊಂಡು, ಮೀನಿನ ಲೆಕ್ಕ ಬೇಗ ಮುಗಿಯಿತು. ಮಾರುವ ಬೆಲೆಯಲ್ಲಿ ಕೊಯ್ಯುವ, ಹೊರುವ, ಹಿಡಿಯುವ ಶ್ರಮವನ್ನು ಕಳೆದರೆ ಉಳಿಯುವುದಷ್ಟೇ ನಿಸರ್ಗದ ಪಾಲು.

ಕಷ್ಟವಾದದ್ದು ಮಾರುಕಟ್ಟೆಗೆ ಬಾರದ ಸಂಗತಿಗಳದ್ದು. ಈ ಜೌಗು ಉಳಿಯಬೇಕೆಂಬ ಆಸೆಗೆ ಎಷ್ಟು ಬೆಲೆ? ಅದನ್ನು ಸಮೀಕ್ಷೆ ಮಾಡಿ ಜನರನ್ನೇ ಕೇಳಬೇಕು. 1989ರಲ್ಲಿ ಅಲಾಸ್ಕಾ ತೀರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ತೈಲ ಸೋರಿದ ನಂತರ ಇಂಥ ಸಮೀಕ್ಷೆಗಳ ಮೇಲೆ ದೊಡ್ಡ ವಾದವೇ ನಡೆದು, ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಮುಂದಾಳತ್ವದ ಸಮಿತಿ 1993ರಲ್ಲಿ ದಾರಿ ತೋರಿತು: ‘ಎಷ್ಟು ಕೊಡುತ್ತೀರಿ’ ಎನ್ನದೆ, ಒಂದು ಮೊತ್ತ ಹೇಳಿ ‘ಇಷ್ಟಾದರೆ ಒಪ್ಪುತ್ತೀರಾ’ ಎಂದು ಕೇಳಿ. ನಾವು ಹಾಗೆಯೇ ಕೇಳಿದೆವು. ಮೇವು ಕೊಯ್ಯುವ ಹೆಂಗಸೊಬ್ಬರು ಕುಡುಗೋಲು ಕೆಳಗಿಟ್ಟು, ‘ದುಡ್ಡು ಎಲ್ಲಿಂದ ತರಲಿ? ಬೇಕಾದರೆ ತಿಂಗಳಿಗೆರಡು ದಿನ ಬಂದು ಕಾಲುವೆ ಹೂಳು ತೆಗೆದುಕೊಡ್ತೀನಿ’ ಎಂದರು. ಹಣದ ಪ್ರಶ್ನೆಗೆ ಅವರ ಉತ್ತರ ‘ಇಲ್ಲ’. ಆದರೆ ಆ ಎರಡು ದಿನವೆಂದರೆ ಅವರು ಬಿಟ್ಟುಕೊಡುವ ಎರಡು ದಿನದ ಕೂಲಿ. ಅಂದಿನಿಂದ ನಮ್ಮ ಪ್ರಶ್ನಾವಳಿಯಲ್ಲಿ ದುಡಿಮೆಯ ದಿನಗಳಿಗೂ ಒಂದು ಸಾಲು ಇರುತ್ತದೆ. ಕೊಡುವ ಮನಸ್ಸನ್ನು ಹಣದಲ್ಲಿ ಮಾತ್ರ ಅಳೆದರೆ ಜೇಬಿನ ಗಾತ್ರವನ್ನು ಅಳೆದಂತಾಗುತ್ತದೆ. ಬಡವರು ಅತಿ ಹೆಚ್ಚು ನೆಚ್ಚಿಕೊಂಡ ನೆಲವೇ ಕಾಗದದ ಮೇಲೆ ಅಗ್ಗವಾಗಿ ಕಾಣುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಚಿಂತೆ ತರುವುದು ಇದೇ.

ಇನ್ನೊಂದು ಜಾಗರೂಕತೆ ಭವಿಷ್ಯದ ಲೆಕ್ಕದಲ್ಲಿ ಬೇಕು. ಮುಂದೆ ಸಿಗುವ ಹಣವನ್ನು ಇಂದಿನ ಬೆಲೆಗೆ ಇಳಿಸಲು ಬಳಸುವ ದರಕ್ಕೆ ಡಿಸ್ಕೌಂಟ್ ದರ ಎನ್ನುತ್ತಾರೆ. ಐವತ್ತು ವರ್ಷದ ನಂತರ ಸಿಗುವ 100 ರೂಪಾಯಿಯ ಲಾಭ, ಶೇ. 3ರ ದರದಲ್ಲಿ ಇವತ್ತಿಗೆ ಸುಮಾರು 23 ರೂಪಾಯಿ, ಶೇ. 10 ಹಿಡಿದರೆ ಒಂದು ರೂಪಾಯಿಗೂ ಕಡಿಮೆ. ನೆಲ, ನೀರು, ಮೀನು ಯಾವುದೂ ಬದಲಾಗಿರುವುದಿಲ್ಲ, ದರವೊಂದು ಬದಲಾದರೆ ಮುಂದಿನ ತಲೆಮಾರಿನ ಪಾಲು ಮಾಯವಾಗುತ್ತದೆ. ಅದಕ್ಕೇ ನಾನು ಒಂದೇ ದರದ ಫಲಿತಾಂಶ ಕೊಡುವುದಿಲ್ಲ. ಮೂರು ದರಗಳನ್ನು ಅಕ್ಕಪಕ್ಕ ಇಟ್ಟು, ತೀರ್ಮಾನ ಎಲ್ಲಿ ತಿರುಗುತ್ತದೆಂದು ಗುರುತು ಹಾಕುತ್ತೇನೆ. ಎರಡೆರಡು ಸಲ ಎಣಿಸದಂತೆಯೂ ನೋಡಿಕೊಳ್ಳಬೇಕು. ಮೀನಿನ ಬೆಲೆ ಸೇರಿಸಿದ ಮೇಲೆ ಮೀನಿಗೆ ಆಹಾರ ಒದಗಿಸುವ ಪಾಚಿಗೆ ಬೇರೆ ಬೆಲೆ ಹಚ್ಚುವಂತಿಲ್ಲ.

ಕೊನೆಗೆ ಒಪ್ಪಿಸಿದ ವರದಿಯ ಮೊದಲ ಪುಟದಲ್ಲಿ ಒಟ್ಟು ಮೊತ್ತ ಇರಲಿಲ್ಲ. ಮೇವು ಕೊಯ್ಯುವವರು, ಮೀನುಗಾರರು, ಕೆಳಭಾಗದಲ್ಲಿ ನೀರು ಕುಡಿಯುವವರು, ಪ್ರವಾಹಕ್ಕೆ ಸಿಗುವ ಮನೆಗಳವರು, ರಸ್ತೆಯಿಂದ ಸಮಯ ಉಳಿಸಿಕೊಳ್ಳುವವರು ಎಂದು ಸಾಲುಗಳನ್ನು ಮಾಡಿ, ಪ್ರತಿಯೊಬ್ಬರ ಮುಂದೆ ಲಾಭ ಅಥವಾ ನಷ್ಟವನ್ನು ಕನಿಷ್ಠ, ಗರಿಷ್ಠ ಎಂದು ಬರೆದೆವು. ಹಣಕ್ಕೆ ಇಳಿಸಲಾಗದ್ದನ್ನು ಸೊನ್ನೆ ಎಂದು ಬರೆಯದೆ ಮಾತಿನಲ್ಲಿ ವಿವರಿಸಿದೆವು, ಏಕೆಂದರೆ ಖಾಲಿ ಕೋಶವನ್ನು ಓದುವವರು ಸೊನ್ನೆ ಎಂದೇ ಓದಿಕೊಳ್ಳುತ್ತಾರೆ. ಒಪ್ಪಿಸುವ ಮುನ್ನ ಆ ಪಟ್ಟಿಯನ್ನು ಅಲ್ಲಿನ ಜನರ ಮುಂದೆ ಗಟ್ಟಿಯಾಗಿ ಓದಿದೆವು. ಮೀನುಗಾರರು ತಕ್ಷಣ ಒಂದು ಸಾಲು ಸೇರಿಸಿದರು: ಮರಿಗಳು ಬೆಳೆಯುವುದು ಇದೇ ಅಂಚಿನ ಆಳವಿಲ್ಲದ ನೀರಿನಲ್ಲಿ, ಆಮೇಲೆ ಅವನ್ನು ಹಿಡಿಯುವವರು ಹೊಳೆಯ ಕೆಳಗಿನವರು, ಅವರ ನಷ್ಟವನ್ನೂ ಬರೆಯಿರಿ ಎಂದರು. ಬರೆದೆವು.