ಕ್ಯಾಪ್ ಕೂರಿಸುವ ಮುನ್ನ ಶಿಥಿಲವಾದ ಹಲ್ಲನ್ನು ಕಟ್ಟುವ ಕ್ರಮ

ಹುಳುಕಿನಿಂದಲೋ ಪೆಟ್ಟಿನಿಂದಲೋ ಹಲ್ಲಿನ ಬಹುಭಾಗ ಹೋಗಿ, ರೂಟ್ ಕೆನಾಲ್ ಚಿಕಿತ್ಸೆಯೂ ಆಗಿದ್ದರೆ, ಕ್ಯಾಪ್‌ಗೆ ಹಿಡಿತ ಸಿಗುವಂತೆ ದಂತವೈದ್ಯರು ಮೊದಲು ಒಳಗಿನ ಆಧಾರದ ದಿಮ್ಮಿಯನ್ನು, ಅಂದರೆ ಕೋರ್ ಅನ್ನು ಕಟ್ಟಬೇಕಾಗುತ್ತದೆ.

ಹುಳುಕನ್ನೂ ಹಳೆಯ ಫಿಲ್ಲಿಂಗನ್ನೂ ಪೂರ್ತಿ ತೆಗೆದ ಮೇಲೆಯೇ ಉಳಿದ ಹಲ್ಲನ್ನು ಅಳೆಯಬೇಕು. ಕ್ಯಾಪ್‌ನ ಅಂಚು ಕೂರುವ ಜಾಗದಿಂದ ಮೇಲಕ್ಕೆ, ಸುತ್ತಲೂ ಸುಮಾರು 1.5ರಿಂದ 2 ಮಿ.ಮೀ. ಎತ್ತರದ, ಕನಿಷ್ಠ 1 ಮಿ.ಮೀ. ದಪ್ಪದ ಗಟ್ಟಿ ಹಲ್ಲು ಇದ್ದರೆ, ಗಾಡಿಚಕ್ರವನ್ನು ಕಬ್ಬಿಣದ ಪಟ್ಟಿ ಬಿಗಿಯುವಂತೆ ಕ್ಯಾಪ್ ಅದನ್ನು ಬಿಗಿದು ಹಿಡಿಯುತ್ತದೆ. ಇದನ್ನು ಫೆರೂಲ್ ಎನ್ನುತ್ತಾರೆ. ಕ್ಯಾಪ್ ಯಾವ ವಸ್ತುವಿನದು ಎಂಬುದಕ್ಕಿಂತ ಇದೇ ಮುಖ್ಯವೆಂದು ನಾನು ಬಲವಾಗಿ ನಂಬುತ್ತೇನೆ. ಇಷ್ಟು ಹಲ್ಲು ಇಲ್ಲದಿದ್ದರೆ, ಒಸಡು ಮತ್ತು ಮೂಳೆಯನ್ನು ಸ್ವಲ್ಪ ತಗ್ಗಿಸುವ ಶಸ್ತ್ರಚಿಕಿತ್ಸೆಯಿಂದಲೋ, ತಂತಿಯ ನೆರವಿನಿಂದ ಬೇರನ್ನು ನಿಧಾನವಾಗಿ ಮೇಲೆಳೆದೋ ಅದನ್ನು ಪಡೆಯಬಹುದು. ಬೇರು ಗಿಡ್ಡವಾಗಿದ್ದರೆ ಅಥವಾ ಉದ್ದಕ್ಕೆ ಸೀಳಿದ್ದರೆ ಹಲ್ಲನ್ನು ಕೀಳಿಸುವುದೇ ಸರಿ.

ಬೇರಿನೊಳಗೆ ಇಳಿಸುವ ಸಣ್ಣ ಕಡ್ಡಿ, ಅಂದರೆ ಪೋಸ್ಟ್, ಹಲ್ಲಿಗೆ ಬಲ ಕೊಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು. ಕೋರ್‌ಗೆ ಹಿಡಿತ ಕೊಡುವುದಷ್ಟೇ ಅದರ ಕೆಲಸ, ಅದಕ್ಕಾಗಿ ಬೇರನ್ನು ಹೆಚ್ಚು ಕೊರೆದರೆ ಹಲ್ಲು ಇನ್ನಷ್ಟು ದುರ್ಬಲವಾಗುತ್ತದೆ. ದವಡೆ ಹಲ್ಲಿನ ಒಳಕೋಣೆ ದೊಡ್ಡದಾದ್ದರಿಂದ ಅಲ್ಲಿ ಅನೇಕ ಸಲ ಪೋಸ್ಟ್ ಬೇಕಾಗುವುದೇ ಇಲ್ಲ. ಬೇಕಾದಾಗಲೂ ಬೇರಿನ ತುದಿಯಲ್ಲಿ 4ರಿಂದ 5 ಮಿ.ಮೀ.ನಷ್ಟು ಗಟ್ಟಾ ಪರ್ಚಾವನ್ನು (ರೂಟ್ ಕೆನಾಲ್‌ನಲ್ಲಿ ತುಂಬಿದ ರಬ್ಬರಿನಂಥ ವಸ್ತುವನ್ನು) ಕದಲಿಸದೆ ಉಳಿಸಬೇಕು. ಇಲ್ಲವಾದರೆ ಅಲ್ಲಿನ ಮುಚ್ಚಿಗೆ ಸಡಿಲಗೊಂಡು ಸೋಂಕು ಮರಳಬಹುದು. ನಾರಿನ ಎಳೆಗಳಿಂದ ಮಾಡಿದ ಫೈಬರ್ ಪೋಸ್ಟ್ ಹಲ್ಲಿನಂತೆಯೇ ತುಸು ಬಾಗುವುದರಿಂದ, ವಿಫಲವಾದರೂ ಬೇರನ್ನು ಸೀಳುವ ಬದಲು ಸಾಮಾನ್ಯವಾಗಿ ತಾನೇ ಕಳಚಿಕೊಳ್ಳುತ್ತದೆ.

ಕೋರ್‌ಗೆ ಈಗ ಹೆಚ್ಚಾಗಿ ಕಾಂಪೋಸಿಟ್ ಎಂಬ, ಹಲ್ಲಿಗೆ ಅಂಟಿಸುವ ರಾಳದ ವಸ್ತುವನ್ನು ಬಳಸುತ್ತಾರೆ. ಎಂಜಲು ತಾಗಿದರೆ ಅದು ಹಲ್ಲಿಗೆ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕುತ್ತೀರಾ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಸಾಮಾನ್ಯ ಗ್ಲಾಸ್ ಅಯೊನೊಮರ್ ಎಂಬ ಫಿಲ್ಲಿಂಗ್ ಸಿಮೆಂಟ್ ಸಣ್ಣ ಗುಳಿ ತುಂಬಲು ಸಾಕಾದೀತು, ಅಗಿಯುವ ಭಾರ ಹೊರುವ ದೊಡ್ಡ ಕೋರ್‌ಗೆ ಸಾಲದು. ಕೋರ್ ಗಟ್ಟಿಯಾದ ಮೇಲೆ ಅದನ್ನು ಕ್ಯಾಪ್‌ಗೆ ತಕ್ಕಂತೆ ಅರೆದು ಅಳತೆ ತೆಗೆಯುತ್ತಾರೆ. ಆಗ ಕ್ಯಾಪ್‌ನ ಅಂಚು ಕೋರ್ ಮೇಲೆ ನಿಲ್ಲದೆ ಸ್ವಂತ ಹಲ್ಲಿನ ಮೇಲೆಯೇ ಕೂರಬೇಕು.

ನೋವಿಲ್ಲವೆಂದು ತಾತ್ಕಾಲಿಕ ಫಿಲ್ಲಿಂಗಿನಲ್ಲೇ ತಿಂಗಳುಗಟ್ಟಲೆ ಕಳೆಯಬೇಡಿ: ಅದರ ಅಂಚಿನಿಂದ ಎಂಜಲು ಒಳಸೇರಿದರೆ ರೂಟ್ ಕೆನಾಲನ್ನೇ ಮತ್ತೆ ಮಾಡಿಸಬೇಕಾಗಬಹುದು.