ಐದು ಕೆಜಿ ಕಡಿಮೆ ಹಾಕಲು ಕಲಿತದ್ದು

ಮಗಳು ಮೊದಲ ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಸ್ಕ್ವಾಟ್‌ನ, ಅಂದರೆ ಭಾರದ ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದರ, ಮೂರೂ ಅಟೆಂಪ್ಟ್ ಕಳೆದುಕೊಂಡಳು. ಆಗ ಅವಳಿಗೆ 14 ತುಂಬಿ ಮೂರು ತಿಂಗಳಾಗಿತ್ತು. ತಪ್ಪು ನನ್ನದು. ಎಷ್ಟು ಕೆಜಿಯಿಂದ ಶುರು ಮಾಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟವನು ನಾನು.

ಜಿಮ್‌ನಲ್ಲಿ ಅವಳು 75 ಕೆಜಿ ಎತ್ತಿದ್ದಳು. ಎತ್ತಿದ್ದಳು ಅಂತ ನಾನು ಅಂದುಕೊಂಡಿದ್ದೆ. ವಿಡಿಯೋ ಕೂಡ ಇತ್ತು. ಆದರೆ ಅದನ್ನು ನಾನು ಎದುರಿಗೆ ನಿಂತು, ನನ್ನ ಎದೆಯ ಎತ್ತರದಿಂದ ತೆಗೆದಿದ್ದೆ. ಅಲ್ಲಿಂದ ನೋಡಿದರೆ ಸ್ಕ್ವಾಟ್ ಎಷ್ಟು ಆಳಕ್ಕೆ ಹೋಯಿತು ಅಂತ ಸರಿಯಾಗಿ ತಿಳಿಯುವುದಿಲ್ಲ. ನಿಯಮ ಹೇಳುವುದು ಬೇರೆ: ಸೊಂಟದ ಸಂದಿನ ಹತ್ತಿರ ತೊಡೆಯ ಮೇಲ್ಭಾಗ ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಹೋಗಬೇಕು. ಇದನ್ನು ನೋಡಲೆಂದೇ ಇಬ್ಬರು ರೆಫ್ರಿಗಳು ಎರಡೂ ಪಕ್ಕದಲ್ಲಿ ಕೂತಿರುತ್ತಾರೆ. ನಾನು ಒಂದು ದಿನವೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ.

70 ಕೆಜಿಗೆ ಓಪನರ್, ಅಂದರೆ ಮೊದಲ ಅಟೆಂಪ್ಟ್, ಕೊಟ್ಟೆ. ಪಕ್ಕದ ಇಬ್ಬರು, ಎದುರಿನ ಮುಖ್ಯ ರೆಫ್ರಿ, ಮೂವರೂ ಒಂದೊಂದು ದೀಪ ಹಾಕುತ್ತಾರೆ: ಪಾಸಾದರೆ ಬಿಳಿ, ಇಲ್ಲದಿದ್ದರೆ ಕೆಂಪು. ಮೂರರಲ್ಲಿ ಎರಡು ಬಿಳಿ ದೀಪ ಬಂದರೆ ಸಾಕು. ಅವಳಿಗೆ ಬಂದದ್ದು ಎರಡು ಕೆಂಪು. ಆಳ ಸಾಲಲಿಲ್ಲ. ಒಮ್ಮೆ ಹಾಕಿದ ಭಾರವನ್ನು ಮುಂದಿನ ಅಟೆಂಪ್ಟ್‌ನಲ್ಲಿ ಇಳಿಸುವ ಹಾಗಿಲ್ಲ. ಅಷ್ಟೇ ಇಡಬಹುದು, ಇಲ್ಲವೇ ಏರಿಸಬಹುದು. ಅಂದರೆ ಓಪನರ್ ತಪ್ಪಿದರೆ ವಾಪಸ್ ಬರುವ ದಾರಿಯೇ ಇಲ್ಲ. ಎರಡನೇ ಸಲವೂ 70. ಈ ಸಲ ಮೂರೂ ಕೆಂಪು. ಮೂರನೇ ಸಲ ‘ಇನ್ನೂ ಕೆಳಗೆ, ಇನ್ನೂ ಕೆಳಗೆ’ ಅಂತ ನಾನು ಕಿರುಚಿದೆ. ಅವಳು ಪೂರ್ತಿ ಕೆಳಗೆ ಹೋದಳು, ಏಳಲು ಆಗಲಿಲ್ಲ. ಕಾವಲಿಗೆ ನಿಂತಿದ್ದ ಸ್ಪಾಟರ್‌ಗಳು ಬಾರ್ ಹಿಡಿದುಕೊಂಡರು.

ಮೂರೂ ಸ್ಕ್ವಾಟ್ ಹೋದರೆ ಟೋಟಲ್ ಇಲ್ಲ. ಸ್ಕ್ವಾಟ್, ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಬಾರ್ ಎದೆಗೆ ಇಳಿಸಿ ಮೇಲೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) ಮೂರರಲ್ಲೂ ಅತಿ ಹೆಚ್ಚಿನದನ್ನು ಕೂಡಿಸಿದ್ದೇ ಟೋಟಲ್. ಅದಿಲ್ಲದೆ ಸ್ಥಾನವೂ ಇಲ್ಲ. ನಾನು ಬ್ಯಾಗ್ ತುಂಬಲು ಶುರು ಮಾಡಿದೆ. ಅವಳು ಮೂಗು ಒರೆಸಿಕೊಂಡು ಕೇಳಿದಳು, “ಬೆಂಚ್ ಇದೆಯಲ್ಲ ಅಪ್ಪಾ, ಎಲ್ಲಿಗೆ ಹೊರಟೆ?” ಆ ದಿನ ಬೆಂಚ್‌ನಲ್ಲೂ ಡೆಡ್‌ಲಿಫ್ಟ್‌ನಲ್ಲೂ ಆರಕ್ಕೆ ಆರು ಅಟೆಂಪ್ಟ್ ಪಾಸು. ಯಾವ ಪಟ್ಟಿಯಲ್ಲೂ ಹೆಸರಿಲ್ಲ. ನನಗೆ ಮುಖ ಎತ್ತಿ ನೋಡಲು ಆಗಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಾನು ಕೋಚ್ ಅಲ್ಲ. ಹತ್ತು ವರ್ಷದಿಂದ ನನ್ನ ಖುಷಿಗೆ ಭಾರ ಎತ್ತುತ್ತಿದ್ದವನು. ಅವಳು 12ನೇ ವಯಸ್ಸಿನಲ್ಲಿ ಜೊತೆಗೆ ಬಂದಳು, ಸುಮ್ನೆ ಮೂಲೆಯಲ್ಲಿ ಕೂತಿದ್ದಳು, ಒಂದು ದಿನ ‘ನಾನೂ ಮಾಡ್ತೀನಿ’ ಅಂದಳು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಮಕ್ಕಳು ಭಾರ ಎತ್ತಿದರೆ ಎತ್ತರ ಬೆಳೆಯಲ್ಲ. ನನಗೂ ಒಳಗೊಳಗೇ ಭಯ ಇತ್ತು. ಮಕ್ಕಳ ಡಾಕ್ಟರ್ ಹತ್ತಿರ ಹೋದೆ. ಸರಿಯಾಗಿ ಹೇಳಿಕೊಡುವವರು ಪಕ್ಕದಲ್ಲಿದ್ದು, ಭಾರ ನಿಧಾನಕ್ಕೆ ಏರಿಸಿದರೆ ಬೆಳವಣಿಗೆಗೆ ತೊಂದರೆ ಅನ್ನುವುದಕ್ಕೆ ಆಧಾರ ಇಲ್ಲ ಅಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2020ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಪೆಟ್ಟಾಗುವುದು ಹೆಚ್ಚಾಗಿ ನೋಡಿಕೊಳ್ಳುವವರಿಲ್ಲದ ಕಡೆ, ಎತ್ತುವ ಕ್ರಮ ತಪ್ಪಿದಾಗ, ಪ್ಲೇಟ್ ಬೆರಳ ಮೇಲೆ ಬಿದ್ದಾಗ. ಹಾಗಾಗಿ ನಮ್ಮ ಮೊದಲ ಪಾಠವೇ ಪ್ಲೇಟ್ ಹಾಕುವುದು, ತೆಗೆಯುವುದು, ಪ್ಲೇಟ್ ಜಾರದಂತೆ ಹಿಡಿಯುವ ಕಾಲರ್ ಬಿಗಿ ಮಾಡುವುದು. ಅವಳಿಗೆ ಸಿಕ್ಕಾಪಟ್ಟೆ ಬೇಜಾರಾಯಿತು.

ಮೊದಲ ಎರಡು ತಿಂಗಳು ಕೋಲು. ಆಮೇಲೆ 10 ಕೆಜಿಯ ಚಿಕ್ಕ ಬಾರ್. ಸ್ಪರ್ಧೆಯ ಬಾರ್ 20 ಕೆಜಿ, ಎರಡು ಕಾಲರ್ ಸೇರಿದರೆ 25. 12 ವರ್ಷದ ಹುಡುಗಿಗೆ ಅದೇ ಒಂದು ಭಾರ. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಪ್ರತಿ ಸೆಟ್‌ಗೆ ಐದರಿಂದ ಎಂಟು ಸಲ. ‘ಎಷ್ಟು ಎತ್ತಬಲ್ಲೆ ನೋಡೋಣ’ ಅನ್ನುವ ಆಟ ಒಂದೂವರೆ ವರ್ಷ ಇರಲಿಲ್ಲ. ಆ ವಯಸ್ಸಿನಲ್ಲಿ ಶಕ್ತಿ ಬರುವುದು ಮುಖ್ಯವಾಗಿ ನರಗಳು ಕೆಲಸ ಕಲಿಯುವುದರಿಂದ. ಸ್ನಾಯು ದಪ್ಪ ಆಗುವುದು ಆಮೇಲಿನ ಮಾತು. ಕ್ರಮ ಸರಿಯಾದರೆ ಭಾರ ತಾನಾಗಿ ಏರುತ್ತಿತ್ತು, ನಾನು ಏನೂ ಮಾಡಬೇಕಾಗಿರಲಿಲ್ಲ.

ಮಧ್ಯೆ ಒಂದು ಕಾಲ ಬಂತು. ಒಂದೇ ವರ್ಷದಲ್ಲಿ ಏಳು ಸೆಂಟಿಮೀಟರ್ ಬೆಳೆದಳು. ಕಾಲು ಉದ್ದವಾಯಿತು, ಚೆನ್ನಾಗಿದ್ದ ಸ್ಕ್ವಾಟ್ ಕೆಟ್ಟುಹೋಯಿತು. ಮಂಡಿ ಒಳಗೆ ಬಾಗುತ್ತಿತ್ತು, ಬೆನ್ನು ಮುಂದೆ ಬೀಳುತ್ತಿತ್ತು. ಸೋಮಾರಿತನ ಅಂದುಕೊಂಡು ಒಂದೆರಡು ಸಲ ಬೈದೆ. ಆಮೇಲೆ ಮಂಡಿ ಚಿಪ್ಪಿನ ಕೆಳಗೆ, ಮೂಳೆ ಉಬ್ಬಿರುವ ಕಡೆ ನೋವು ಅಂದಳು. ಬೆಳೆಯುವ ಮಕ್ಕಳಿಗೆ ಬರುವಂಥದ್ದೇ, ಆದರೆ ಕಡೆಗಣಿಸಬೇಡಿ ಅಂದರು ಡಾಕ್ಟರ್. ಆರು ವಾರ ಸ್ಕ್ವಾಟ್ ಭಾರ ಮೂರನೇ ಒಂದು ಭಾಗ ಇಳಿಸಿದೆವು, ಬೆಂಚ್ ಜಾಸ್ತಿ ಮಾಡಿದೆವು. ಅಲ್ಲಿಂದ ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನಲ್ಲಿ ಎತ್ತರದ ಗೆರೆ ಎಳೆಯುತ್ತೇನೆ. ಗೆರೆ ಬೇಗ ಮೇಲೆ ಹೋದ ತಿಂಗಳು ಬಾರ್‌ನ ಭಾರ ಏರುವುದಿಲ್ಲ. ಈ ಬಾಗಿಲು ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ತೂಕದ ವಿಷಯ. ಅವಳು 49 ಕೆಜಿ ಇದ್ದಳು, ಅಂದರೆ 47ಕ್ಕಿಂತ ಹೆಚ್ಚು, 52 ಕೆಜಿವರೆಗಿನವರ ವಿಭಾಗ. ಎರಡು ಕೆಜಿ ಇಳಿಸಿದರೆ 47ಕ್ಕೆ ಸೇರುತ್ತಾಳೆ, ಅಲ್ಲಿ ಪದಕ ಸುಲಭ ಅಂತ ಒಬ್ಬರು ಲೆಕ್ಕ ಹಾಕಿ ಕೊಟ್ಟರು. ಬೆಳೆಯುವ ಹುಡುಗಿಗೆ ಊಟ ಕಡಿಮೆ ಮಾಡು, ನೀರು ಬಿಡು ಅನ್ನುವುದೇ? ಅದರ ಬಗ್ಗೆ ಎರಡನೇ ಮಾತು ಆಡಲಿಲ್ಲ. ಹೇಗಿದ್ದಾಳೋ ಹಾಗೆ ಹೋಗಿ ತಕ್ಕಡಿ ಮೇಲೆ ನಿಂತಳು.

ಆ ಕೆಟ್ಟ ದಿನದ ಆಮೇಲೆ ಮೊದಲು ಬದಲಾಯಿಸಿದ್ದು ನನ್ನ ಫೋನ್ ಇಡುವ ಜಾಗ. ಪಕ್ಕದಲ್ಲಿ, ಅವಳು ಕೆಳಗೆ ಕೂತಾಗ ಸೊಂಟ ಬರುವ ಎತ್ತರದಲ್ಲಿ. ಹಾಗೆ ನೋಡಿದಾಗ ನಮ್ಮ 75 ಕೆಜಿ ಮಾಯವಾಯಿತು. ನಿಜವಾದ ಲೆಕ್ಕ 65ರ ಹತ್ತಿರ ಇತ್ತು.

ಎರಡನೆಯದು, ಶನಿವಾರ ಮನೆಮಂದಿಯ ಸ್ಪರ್ಧೆ. ನಾನು ಮುಖ್ಯ ರೆಫ್ರಿ. ಅವಳ ತಮ್ಮ ಪಕ್ಕದ ರೆಫ್ರಿ, ಕೈಯಲ್ಲಿ ಒಂದು ಕೆಂಪು, ಒಂದು ಬಿಳಿ ಕಾಗದ. ಒಂಬತ್ತು ವರ್ಷದವನಿಗೆ ಅಕ್ಕನಿಗೆ ಕೆಂಪು ತೋರಿಸುವ ಅಧಿಕಾರ ಸಿಕ್ಕಿದರೆ ಕೇಳಬೇಕೇ! ಆದರೆ ಅವನ ಕಣ್ಣು ನನ್ನದಕ್ಕಿಂತ ಚುರುಕು. ರೆಫ್ರಿಯ ಆಜ್ಞೆಗಳನ್ನು ಹೀಗೇ ರೂಢಿ ಮಾಡಿದೆವು. ಸ್ಕ್ವಾಟ್‌ಗೆ ‘ಸ್ಕ್ವಾಟ್’, ಎದ್ದ ಮೇಲೆ ‘ರ್‍ಯಾಕ್’. ಬೆಂಚ್‌ಗೆ ‘ಸ್ಟಾರ್ಟ್’, ಎದೆಯ ಮೇಲೆ ಬಾರ್ ಅಲುಗದೆ ನಿಂತಾಗ ‘ಪ್ರೆಸ್’, ಕೊನೆಗೆ ‘ರ್‍ಯಾಕ್’. ಡೆಡ್‌ಲಿಫ್ಟ್‌ಗೆ ಒಂದೇ, ‘ಡೌನ್’. ಎತ್ತಲು ಶಕ್ತಿ ಇದ್ದೂ ಆಜ್ಞೆಗೆ ಮೊದಲೇ ಬಾರ್ ಅಲುಗಿಸಿ ಕಳೆದುಕೊಳ್ಳುವ ಮಕ್ಕಳು ಎಷ್ಟೋ ಜನ. ಅವಳದ್ದು ಬೆಂಚ್‌ನಲ್ಲಿ ಅವಸರ. ಅದಕ್ಕೆ ನಾನು ಹೇಳುವುದು ಒಂದೇ ಪದ: ತಡಿ. ಮೊದಲು ಒಂದು ಲಿಫ್ಟ್‌ಗೆ ಐದು ಸೂಚನೆ ಕೊಡುತ್ತಿದ್ದೆ. ‘ನೀನು ಮಾತಾಡಿದರೆ ರೆಫ್ರಿ ಹೇಳಿದ್ದು ಕೇಳಿಸಲ್ಲ’ ಅಂದಳು. ಅದೂ ನಿಜವೇ.

ವಾರ್ಮ್‌ಅಪ್ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಬೇಗ ಮುಗಿಸಿ ನಲವತ್ತು ನಿಮಿಷ ತಣ್ಣಗೆ ಕೂರಿಸಿದ್ದೆ. ಈಗ ಹಿಂದಿನಿಂದ ಎಣಿಸುತ್ತೇನೆ. ಒಬ್ಬೊಬ್ಬರಿಗೆ ಸುಮಾರು ಒಂದು ನಿಮಿಷ. ಅವಳಿಗಿಂತ ಮೊದಲು ಎಂಟು ಜನ ಇದ್ದರೆ ಎಂಟು ನಿಮಿಷ. ಕೊನೆಯ ವಾರ್ಮ್‌ಅಪ್ ಮುಗಿದು ಆರೇಳು ನಿಮಿಷಕ್ಕೆ ಅವಳ ಹೆಸರು ಕೂಗಬೇಕು. ಉಳಿದ ಸೆಟ್‌ಗಳನ್ನು ಅಲ್ಲಿಂದ ಹಿಂದಕ್ಕೆ ಜೋಡಿಸುತ್ತೇನೆ.

ಅಟೆಂಪ್ಟ್ ಮುಗಿದ ಮೇಲೆ ಮುಂದಿನ ಭಾರ ಹೇಳಲು ಸಿಗುವುದು ಒಂದೇ ನಿಮಿಷ. ಹೇಳದಿದ್ದರೆ, ಪಾಸಾಗಿದ್ದರೆ ಅವರೇ 2.5 ಕೆಜಿ ಏರಿಸುತ್ತಾರೆ, ಫೇಲ್ ಆಗಿದ್ದರೆ ಅದೇ ಭಾರ. ಆ ಒಂದು ನಿಮಿಷದಲ್ಲಿ ಅಪ್ಪನ ತಲೆ ಕೆಲಸ ಮಾಡುವುದಿಲ್ಲ. ಅದಕ್ಕೇ ಹಿಂದಿನ ರಾತ್ರಿಯೇ ಇಬ್ಬರೂ ಕೂತು ಬರೆಯುತ್ತೇವೆ: ಸಲೀಸಾಗಿ ಹೋದರೆ ಇಷ್ಟು, ಕಷ್ಟಪಟ್ಟರೆ ಇಷ್ಟು, ತಪ್ಪಿದರೆ ಇಷ್ಟು. ಓಪನರ್ ಅಂದರೆ, ರಾತ್ರಿ ಸರಿಯಾಗಿ ನಿದ್ದೆ ಬರದಿದ್ದರೂ ಮೂರು ಸಲ ಎತ್ತುವಂಥ ಭಾರ. ನನಗೆ ತೋಚಿದ ಅಂಕಿಯಿಂದ 5 ಕೆಜಿ ಕಳೆದರೆ ಸಾಮಾನ್ಯವಾಗಿ ಸರಿಯಾಗಿ ಬರುತ್ತದೆ. ಆ 5 ಕೆಜಿ ನನ್ನ ಆಸೆಯ ತೂಕ.

ಇನ್ನೊಂದು ಕರಾರು ಅವಳೇ ಹಾಕಿದ್ದು. ಜಿಮ್‌ನಿಂದ ಬರುವ ದಾರಿಯಲ್ಲೇ ನಾನು ವಿಡಿಯೋ ತೆಗೆದು ತಪ್ಪು ಹುಡುಕಲು ಶುರು ಮಾಡುತ್ತಿದ್ದೆ. ಅವಳಿನ್ನೂ ಶೂ ಬಿಚ್ಚಿರುತ್ತಿರಲಿಲ್ಲ. ಈಗ ಮರುದಿನ ಬೆಳಿಗ್ಗೆವರೆಗೂ ಅವಳು ತೆಗೆಯದೆ ನಾನು ಆ ಮಾತು ತೆಗೆಯುವ ಹಾಗಿಲ್ಲ. ಕಷ್ಟ. ನಾಲಿಗೆ ತುರಿಸುತ್ತದೆ.

ಏಳು ತಿಂಗಳ ಮೇಲೆ ಎರಡನೇ ಸ್ಪರ್ಧೆ. ಸ್ಕ್ವಾಟ್ ಓಪನರ್ 62.5. ಮೂರು ಬಿಳಿ ದೀಪ. ಅವಳು ನಕ್ಕಿದ್ದನ್ನು ನಾನು ಸರಿಯಾಗಿ ನೋಡಲೇ ಇಲ್ಲ, ಕಣ್ಣು ಮಂಜಾಗಿತ್ತು. ಆಮೇಲೆ 67.5, 72.5, ಎರಡೂ ಪಾಸು. ಬೆಂಚ್‌ನಲ್ಲಿ ಒಂದು ಹೋಯಿತು, ಅದೇ ಅವಸರ. ಡೆಡ್‌ಲಿಫ್ಟ್‌ನ ಎರಡನೇ ಅಟೆಂಪ್ಟ್ 92.5 ಆದಾಗ ನಾನು ಪಟ್ಟಿ ನೋಡಿದೆ. 102.5 ಎತ್ತಿದರೆ ಮೂರನೇ ಸ್ಥಾನ. ನಮ್ಮ ಚೀಟಿಯಲ್ಲಿ ಇದ್ದದ್ದು 97.5. ನಾನು ಟೇಬಲ್‌ಗೆ ಹೋಗಿ 102.5 ಅಂತ ಬರೆದುಕೊಟ್ಟು ಬಂದೆ.

ಅವಳು ಬೋರ್ಡ್ ನೋಡಿದಳು. “ಅದು ನಾವು ಬರೆದದ್ದಲ್ಲ.”

“ಪದಕ ಬರುತ್ತೆ ಕಣೇ,” ಅಂದೆ. “ಈಗ ಕೊಟ್ಟಾಯ್ತು.”

“ಮೂರನೇ ಡೆಡ್‌ಲಿಫ್ಟ್ ಎರಡು ಸಲ ಬದಲಾಯಿಸಬಹುದು ಅಪ್ಪಾ. ನಿಯಮದ ಪುಸ್ತಕ ನಾನೂ ಓದಿದ್ದೀನಿ. ನನ್ನ ಹೆಸರು ಕೂಗುವುದರೊಳಗೆ ಹೋಗು.”

ಓಡಿದೆ. ಮೇಜಿನ ಹಿಂದೆ ಕೂತಿದ್ದವರು ನನ್ನನ್ನೊಮ್ಮೆ ನೋಡಿ 102.5 ಹೊಡೆದು 97.5 ಮಾಡಿದರು. ವಾಪಸ್ ಬರುವಷ್ಟರಲ್ಲಿ ಅವಳು ಕೈಗೆ ಚಾಕ್ ಪುಡಿ ಹಚ್ಚಿಕೊಳ್ಳುತ್ತಿದ್ದಳು. ಬಾರ್ ಮಂಡಿಯ ಹತ್ತಿರ ಒಂದು ಕ್ಷಣ ನಿಂತ ಹಾಗಾಯಿತು, ನಿಧಾನಕ್ಕೆ ಮೇಲೆ ಬಂತು. ಮಂಡಿ ನೇರ, ಭುಜ ಹಿಂದೆ. ‘ಡೌನ್’ ಬರುವವರೆಗೂ ಕಾದಳು. ನಾಲ್ಕನೇ ಸ್ಥಾನ.

ಮನೆಗೆ ಬರುವ ದಾರಿಯಲ್ಲಿ ಕರಾರಿನ ಪ್ರಕಾರ ನಾನು ಸುಮ್ಮನಿದ್ದೆ. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು, “102 ಹಾಕಿದ್ದರೆ ಬರ್ತಿತ್ತು ಅಂತ ಈಗಲೂ ಅನ್ನಿಸುತ್ತಾ?”

“ಸ್ವಲ್ಪ,” ಅಂದೆ.

“ನನಗೆ ಇಲ್ಲ,” ಅಂದು ಕಿಟಕಿಗೆ ಒರಗಿ ನಿದ್ದೆ ಹೋದಳು. ಕೈಯಲ್ಲಿ ಇನ್ನೂ ಚಾಕ್ ಪುಡಿ ಇತ್ತು.